ವಾಗಣಗೇರಾ ಕೋಟೆಯಿಂದ ಟೇಲರ್ ಮಂಜಿಲ್‌ವರೆಗೆ

ಕಲಬುರಗಿಯಲ್ಲಿ ಬೆಳಗಿನ ಬಸ್ಸು ಹತ್ತಿ, ಜೇವರ್ಗಿಯ ಹತ್ತಿರ ಭೀಮೆಯನ್ನು ದಾಟಿ, ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಗುಡ್ಡವನ್ನು ಕಿಟಕಿಯಿಂದಲೇ ನೋಡಿಕೊಂಡು ಸುರಪುರಕ್ಕೆ ಬಂದಿಳಿಯುವಷ್ಟರಲ್ಲಿ ಬಿಸಿಲು ನೆತ್ತಿಗೇರುತ್ತಿತ್ತು. ಅಲ್ಲಿನ ಪರಿಚಯದ ಮಾಸ್ತರರು ಬೈಕ್ ತಂದಿದ್ದರು. ಊರು ನೋಡುವ ಮೊದಲು ವಾಗಣಗೇರಾ ನೋಡಬೇಕೆಂಬ ನನ್ನ ಹಟಕ್ಕೆ ಅವರು ಒಪ್ಪಿದರು.

ಕೋಟೆಯೆಂದರೆ ಈಗ ಮುಳ್ಳುಕಂಟಿಗಳ ನಡುವಿನ ಕಲ್ಲಿನ ಗೋಡೆಗಳು. ಗುಂಡುಗಲ್ಲುಗಳ ಸಂದಿಗೆ ಸರಿಯಾಗಿ ಕೂರುವಂತೆ ಕಲ್ಲು ಜೋಡಿಸಿದ್ದಾರೆ. ಗುಡ್ಡ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ಕೈಯಿಟ್ಟು ನೋಡಿದರೂ ಗೊತ್ತಾಗುವುದಿಲ್ಲ. 1686ರಲ್ಲಿ ಬಿಜಾಪುರವನ್ನೂ ಮರುವರ್ಷ ಗೋಲ್ಕೊಂಡವನ್ನೂ ನುಂಗಿದ್ದ ಔರಂಗಜೇಬನು 1705ರಲ್ಲಿ, ಎಂಬತ್ತಾರರ ಮುಪ್ಪಿನಲ್ಲಿ, ಬೇಡರ ಪಿಡ್ಡನಾಯಕನ ಈ ಕೋಟೆಯೆದುರು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ತಾನೇ ಬಂದು ಬೀಡುಬಿಟ್ಟಿದ್ದ. ನಾಯಕನ ನೆರವಿಗೆ ಮರಾಠರು ಬಂದರು. ಕೊನೆಗೆ ಕೋಟೆ ಬಿತ್ತು, ಆದರೆ ನಾಯಕ ಸಿಗಲಿಲ್ಲ. ಅಷ್ಟರಲ್ಲಿ ಅವನು ತನ್ನವರೊಂದಿಗೆ ಜಾರಿಕೊಂಡಿದ್ದ. ಬಾದಶಹನು ಖುದ್ದಾಗಿ ನಡೆಸಿದ ಕೊನೆಯ ಮುತ್ತಿಗೆ ಅದು. ಗುಡ್ಡದ ಕೆಳಗೆ ಕುರಿ ಮೇಯಿಸುತ್ತಿದ್ದ ಅಜ್ಜನೊಬ್ಬರು ನಮ್ಮನ್ನು ಕಂಡು, “ಕ್ವಾಟಿ ನೋಡ್ಲಿಕ್ಕ ಬಂದೀರೇನ್ರಿ? ಬಾದಶಹನಾ ಇಲ್ಲಿತನಕ ಬರಬೇಕಾತು ನೋಡ್ರಿ” ಎಂದರು. ಯಾರು ಗೆದ್ದರು ಎಂಬುದನ್ನು ಅವರು ಹೇಳಲೇ ಇಲ್ಲ.

ಸಂಜೆ ಟೇಲರ್ ಮಂಜಿಲ್ ಹತ್ತಿದೆವು. ಮುಂದೆ ಇದೇ ಬೇಡ ನಾಯಕರು ಆಳಿದ ಸುರಪುರ ಸಂಸ್ಥಾನದಲ್ಲಿ ಬ್ರಿಟಿಷರ ಪರವಾಗಿ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ 1844ರಲ್ಲಿ ಕಟ್ಟಿಸಿದ ಮನೆಯಿದು. ಕೆಳಗೆ ಗುಡ್ಡಗಳ ನಡುವೆ ಇಡೀ ಸುರಪುರ ಕಾಣುತ್ತದೆ. ಒಂದು ಕಡೆ ನಜರಾನಾ ಎಂಬ ಕಾಣಿಕೆಯ ಬಾಕಿಗಾಗಿ ಕಾಡುತ್ತಿದ್ದ ಹೈದರಾಬಾದಿನ ನಿಜಾಮ, ಇನ್ನೊಂದು ಕಡೆ ಆ ನಿಜಾಮನ ಬೆನ್ನಿಗೆ ನಿಂತ ಕಂಪನಿ ಸರಕಾರ. ಈ ಎರಡರ ನಡುವೆ ಬೆಳೆದ ಬಾಲಕ ರಾಜಾ ವೆಂಕಟಪ್ಪನಾಯಕನು ಟೇಲರನನ್ನು “ಅಪ್ಪಾ” ಎಂದು ಕರೆಯುತ್ತಿದ್ದ. ನನ್ನನ್ನು ಅತ್ತ ಎಳೆದು ತಂದದ್ದು ಈ ಒಂದು ಮಾತೇ. ಅಪ್ಪಾ ಎಂದವನೇ 1858ರ ಫೆಬ್ರವರಿಯಲ್ಲಿ ಆ ಅಪ್ಪನ ಸರಕಾರದ ಸೈನ್ಯದ ಮೇಲೆ ಬಿದ್ದ. ಕ್ಯಾಪ್ಟನ್ ನ್ಯೂಬೆರಿ ಎಂಬ ಅಧಿಕಾರಿ ಇಲ್ಲಿಯೇ ಸತ್ತ. ಮನುಷ್ಯನ ಮೇಲಿನ ಪ್ರೀತಿಯನ್ನೂ ಅವನು ಚಾಕರಿ ಮಾಡುವ ಸರಕಾರಕ್ಕೆ ತಲೆಬಾಗದಿರುವುದನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡಿದ್ದ ಆ ಹುಡುಗನಿಗೆ ಆಗ ಇಪ್ಪತ್ತನಾಲ್ಕರ ಆಸುಪಾಸಿನ ವಯಸ್ಸು. ನೆರೆಯವನನ್ನು ದ್ವೇಷಿಸದೆ ಸ್ವಾಭಿಮಾನ ಉಳಿಯುವುದಿಲ್ಲ ಎನ್ನುವವರನ್ನು ಕಂಡಾಗಲೆಲ್ಲ ನನಗೆ ಅವನ ನೆನಪಾಗುತ್ತದೆ.

ಸೆರೆಯಲ್ಲಿ ಟೇಲರ್ ಅವನನ್ನು ಭೇಟಿಯಾಗಿ, ದಂಗೆಗೆ ಪ್ರೇರೇಪಿಸಿದವರು ಯಾರೆಂದು ಕೇಳಿದಾಗ ಅವನು ಯಾರ ಹೆಸರನ್ನೂ ಹೇಳಲಿಲ್ಲ. ಕಳ್ಳನಂತೆ ಗಲ್ಲಿಗೇರಿಸಬೇಡಿ, ತೋಪಿನ ಬಾಯಿಗೆ ಕಟ್ಟಿ ಎಂದ. ಮರಣದಂಡನೆ ಗಡೀಪಾರಾಗಿ, ಗಡೀಪಾರು ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆವಾಸವಾಗಿ ಇಳಿದರೂ ಅವನು ಅಲ್ಲಿಗೆ ತಲುಪಲೇ ಇಲ್ಲ, ದಾರಿಯಲ್ಲಿ ಪಿಸ್ತೂಲಿನ ಗುಂಡಿಗೆ ಪ್ರಾಣ ಬಿಟ್ಟ. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೇ ಒಪ್ಪಿಸಿದರು. ಯಾವ ನೆರೆಯವನಿಂದ ಇಷ್ಟು ಕಾಲ ಬೇರೆಯಾಗಿ ಉಳಿದಿತ್ತೋ ಅವನ ಕೈಗೇ ಹೋಗಿ, 1948ರವರೆಗೆ ಅಲ್ಲೇ ಇತ್ತು. ಈ ಸಾಲನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಕತ್ತಲಾಗುವಾಗ ಕೆಳಗಿನ ಮನೆಗಳಲ್ಲಿ ದೀಪ ಹತ್ತಿದವು. ಮಾಸ್ತರರು ಮೆಟ್ಟಿಲ ಮೇಲೆ ಕೂತು, ತಮ್ಮ ಶಾಲೆಯ ಮಕ್ಕಳಿಗೆ ವೆಂಕಟಪ್ಪನಾಯಕನ ಪಾಠ ಮಾಡುವಾಗ ಆ “ಅಪ್ಪಾ” ಎಂಬ ಮಾತನ್ನೂ ಬಿಡದೆ ಹೇಳುತ್ತೇನೆ ಎಂದರು.