ಅರ್ಥ ಆಗದಿದ್ದರೂ ಹೋಗಬೇಕಾ ಮೇಡಂ?

ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ಸು ಮಾನಸಗಂಗೋತ್ರಿಯಲ್ಲಿ ನಾನು ಪಾಠ ಮಾಡುವುದು ರಸಾಯನಶಾಸ್ತ್ರ. ಆದರೂ ಹೊಸ ಬ್ಯಾಚ್ ಬಂದಾಗಲೆಲ್ಲ ಒಂದು ಮಾತು ತಪ್ಪದೆ ಹೇಳುತ್ತೇನೆ. ಇಲ್ಲಿರುವ ಎರಡು ವರ್ಷ, ಸಂಜೆ ಹೊತ್ತು ನಾಟಕ, ಸಂಗೀತ ಕಛೇರಿ, ಕುಣಿತ ಏನೇ ಇರಲಿ, ಹೋಗಿ ಕೂತು ನೋಡಿ ಅಂತ. ಅದಕ್ಕೆ ಬರುವ ಪ್ರಶ್ನೆ ಪ್ರತಿ ವರ್ಷವೂ ಒಂದೇ. "ನಮಗೆ ಅದೆಲ್ಲ ಅರ್ಥ ಆಗಲ್ಲ ಮೇಡಂ, ಹೋಗಿ ಏನು ಮಾಡೋದು? ಬೇಕಂದ್ರೆ ಯೂಟ್ಯೂಬಲ್ಲಿ ನೋಡಿದ್ರಾಯ್ತು, ಅಲ್ವಾ?" ಮಕ್ಕಳನ್ನು ಬಿಡಲು ಬರುವ ಅಪ್ಪ ಅಮ್ಮಂದಿರೂ ಕೇಳಿದ್ದಾರೆ. ತರಗತಿಯಲ್ಲಿ ಇದಕ್ಕೆ ಪೂರ್ತಿ ಉತ್ತರ ಕೊಡಲು ಸಮಯ ಸಿಗುವುದಿಲ್ಲ. ಇಲ್ಲಿ ಬರೆಯುತ್ತೇನೆ.

ಅರ್ಥ ಮಾಡಿಕೊಂಡು ಆಮೇಲೆ ಹೋಗುತ್ತೇವೆ ಅಂದರೆ ಯಾರೂ ಎಲ್ಲಿಗೂ ಹೋಗುವುದಿಲ್ಲ. ಹೋಗಿ ಹೋಗಿಯೇ ಅರ್ಥವಾಗಬೇಕು. ಕಲಿಸುವವರು ವೇದಿಕೆಯ ಮೇಲೆ ಮಾತ್ರ ಇರುವುದಿಲ್ಲ, ನಿಮ್ಮ ಪಕ್ಕದ ಕುರ್ಚಿಯಲ್ಲೂ ಇರುತ್ತಾರೆ.

ಒಂದು ಸಂಗೀತ ಕಛೇರಿಗೆ ಹೋಗಿದ್ದೀರಿ ಅಂದುಕೊಳ್ಳಿ. ರಾಗದ ಹೆಸರು ಗೊತ್ತಿಲ್ಲ. ಹಾಡು ತೆಲುಗು. ಚಿಂತೆ ಬೇಡ, ಪಕ್ಕದಲ್ಲಿ ಕೂತ ಹಿರಿಯರ ಬಲಗೈ ನೋಡಿ. ತೊಡೆಯ ಮೇಲೆ ಒಂದು ಪೆಟ್ಟು. ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಮತ್ತೆ ಒಂದು ಪೆಟ್ಟು, ಅಂಗೈ ಮೇಲೆ ಮಾಡಿ ಒಂದು ಬೀಸು. ಇನ್ನೊಂದು ಪೆಟ್ಟು, ಇನ್ನೊಂದು ಬೀಸು. ಒಟ್ಟು ಎಂಟು. ಇದೇ ಆದಿತಾಳ. ನೀವೂ ಸುಮ್ನೆ ಅವರ ಜೊತೆ ಹಾಕುತ್ತಾ ಹೋಗಿ. ಮುಂದೆ ತನಿ ಆವರ್ತನ ಬರುತ್ತದೆ. ಹಾಡುವವರು ಹಿಂದೆ ಸರಿದು ಮೃದಂಗ, ಘಟದವರಿಗೆ ಜಾಗ ಬಿಡುವ ಭಾಗ ಅದು. ಬಹಳ ಜನ ಆಗಲೇ ಎದ್ದು ಕಾಫಿಗೆ ಹೋಗುತ್ತಾರೆ. ನೀವು ಏಳಬೇಡಿ. ಮೃದಂಗದವರು ಆ ಎಂಟನ್ನು ಒಡೆದು, ಹಿಗ್ಗಿಸಿ, ಕುಗ್ಗಿಸಿ, ಇನ್ನೇನು ಲೆಕ್ಕ ತಪ್ಪಿತು ಅನ್ನಿಸುವ ಹಾಗೆ ಮಾಡಿ, ಕೊನೆಗೆ ಒಂದೇ ಮುಕ್ತಾಯವನ್ನು ಮೂರು ಸಲ ನುಡಿಸಿ, ಹಾಡು ಎತ್ತಿಕೊಳ್ಳಬೇಕಾದ ಜಾಗಕ್ಕೇ ಸರಿಯಾಗಿ ತಂದು ಮುಟ್ಟಿಸುತ್ತಾರೆ. ಸಭೆಯೆಲ್ಲ "ಭಲೇ" ಅನ್ನುವ ಆ ಕ್ಷಣಕ್ಕೆ ನಿಮ್ಮ ಬಾಯಿಂದಲೂ ಅದೇ ಹೊರಡುತ್ತದೆ. ರಾಗದ ಹೆಸರು ಆಗಲೂ ಗೊತ್ತಿರುವುದಿಲ್ಲ. ಆದರೆ ಏನೋ ಒಂದು ಗೊತ್ತಾಗಿರುತ್ತದೆ.

ಯೂಟ್ಯೂಬ್ ಬೇಡ ಅಂತ ನಾನು ಹೇಳುವುದಿಲ್ಲ. ಹಳೆಯ ವಿದ್ವಾಂಸರ ಹಾಡಿಕೆ ನನಗೂ ಅಲ್ಲೇ ಸಿಕ್ಕಿದ್ದು. ಆದರೆ ಅಲ್ಲಿ ಕ್ಯಾಮೆರಾ ತೋರಿಸಿದ್ದನ್ನೇ ನೋಡಬೇಕು. ಬೀಸು ಕಂಸಾಳೆಯನ್ನು ಫೋನಿನಲ್ಲಿ ನೋಡಿದವರು ಒಮ್ಮೆ ಎದುರಿಗೆ ಕೂತು ನೋಡಬೇಕು. ಕಲಾವಿದರ ಎಡಗೈಯಲ್ಲಿ ಕಂಚಿನ ಬಟ್ಟಲು. ಬಲಗೈಯಲ್ಲಿ ದಾರ, ಗೊಂಡೆ ಕಟ್ಟಿದ ಚಪ್ಪಟೆ ತಾಳ. ಅದನ್ನು ತಲೆಯ ಸುತ್ತ ಬೀಸಿ ತಂದು ತಮ್ಮ ಬಟ್ಟಲಿಗೂ ಹೊಡೆಯುತ್ತಾರೆ, ಪಕ್ಕದವರ ಬಟ್ಟಲಿಗೂ ಹೊಡೆಯುತ್ತಾರೆ. ಕುಣಿಯುತ್ತಲೇ, ಬಾಗುತ್ತಲೇ, ಮಾದಪ್ಪನ ಪದ ಹೇಳುತ್ತಲೇ. ಒಬ್ಬರ ಕೈ ಒಂದಿಷ್ಟು ತಡವಾದರೂ ಕಂಚು ಇನ್ನೊಬ್ಬರ ಮುಖಕ್ಕೆ ಬಡಿಯುತ್ತದೆ. ಮುಂದಿನ ಸಾಲಿನಲ್ಲಿ ಕೂತರೆ ಆ ಭಯವೂ ನಿಮ್ಮದಾಗುತ್ತದೆ, ಆ ನಂಬಿಕೆಯೂ ಕಣ್ಣಿಗೆ ಕಾಣುತ್ತದೆ. ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಭಕ್ತರಾದ ದೇವರಗುಡ್ಡರು ಇದನ್ನು ಹರಕೆಯಾಗಿ, ದೀಕ್ಷೆಯಾಗಿ ಉಳಿಸಿಕೊಂಡು ಬಂದವರು. ಅವರಿಗೆ ಇದು ಮನರಂಜನೆ ಅಲ್ಲ, ದೇವರ ಕೆಲಸ. ಆ ಗಂಭೀರತೆ ಫೋನಿನ ಸ್ಕ್ರೀನಿಗೆ ಇಳಿದು ಬರುವುದಿಲ್ಲ.

ಇನ್ನೊಂದು ವಿಷಯ. "ನಮಗೆ ಕಲೆಗಿಲೆ ಗೊತ್ತಿಲ್ಲ" ಅನ್ನುವವರಲ್ಲಿ ಮಂಡ್ಯ ಕಡೆಯ ಹುಡುಗ ಹುಡುಗಿಯರೇ ಜಾಸ್ತಿ. ನನಗೆ ತುಂಬಾ ಬೇಸರವಾಗುವುದು ಈ ಮಾತಿಗೆ. ಕುರುಕ್ಷೇತ್ರ ನಾಟಕ ಆಡದ ಊರು ಮಂಡ್ಯದಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಹಗಲು ಕಬ್ಬಿನ ಗದ್ದೆಯಲ್ಲಿ ದುಡಿದವರು ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ನಿಂತು ತಿಂಗಳುಗಟ್ಟಲೆ ಪದ್ಯ, ಮಾತು ಬಾಯಿಪಾಠ ಮಾಡುತ್ತಾರೆ. ಪಾತ್ರಕ್ಕೆ ಇಷ್ಟು ಅಂತ ತಾವೇ ದುಡ್ಡು ಹಾಕುತ್ತಾರೆ. ದುರ್ಯೋಧನ, ಕೃಷ್ಣನ ಪಾತ್ರಕ್ಕೆ ಜಾಸ್ತಿ. ಡ್ರಾಮಾ ಸೀನರಿ ಬಾಡಿಗೆಗೆ ಬರುತ್ತದೆ. ರಾತ್ರಿ ಶುರುವಾದರೆ ಬೆಳಗಿನ ಜಾವದವರೆಗೆ. ಒಳ್ಳೆಯ ಪದ್ಯ ಬಿದ್ದರೆ ಜನ "ಒನ್ಸ್ ಮೋರ್" ಕೂಗುತ್ತಾರೆ, ನೆಂಟರು ವೇದಿಕೆ ಹತ್ತಿ ನೋಟಿನ ಹಾರ ಹಾಕುತ್ತಾರೆ. ಆ ಪದ್ಯಗಳ ಎಷ್ಟೋ ಮಟ್ಟುಗಳು ಶಾಸ್ತ್ರೀಯ ರಾಗಗಳಲ್ಲೇ ಇವೆ. ಅಪ್ಪ ಮಾಡಿದ ಭೀಮನ ಪಾತ್ರವನ್ನು ಅಮ್ಮನ ತೊಡೆಯ ಮೇಲೆ ನಿದ್ದೆಗಣ್ಣಲ್ಲಿ ಕೂತು ನೋಡಿದ ಮಗು, ದೊಡ್ಡವಳಾಗಿ ಮೈಸೂರಿಗೆ ಬಂದು, ನನಗೆ ನಾಟಕ ಗೊತ್ತಿಲ್ಲ ಅನ್ನುತ್ತದೆ. ಗೊತ್ತಿದೆ ಕಣಮ್ಮಾ. ನಿನಗೆ ನನಗಿಂತ ಚೆನ್ನಾಗಿ ಗೊತ್ತಿದೆ. ಅದನ್ನು ಕಲೆ ಅಂತ ಕರೆಯಲು ನಮ್ಮ ಶಾಲೆಗಳು ಹೇಳಿಕೊಡಲಿಲ್ಲ ಅಷ್ಟೆ.

ಅಂಥವರಿಗೆ ನಾನು ಮೊದಲು ಹೇಳುವುದು ರಂಗಾಯಣ. ಅದು ಇರುವ ಕಲಾಮಂದಿರ ಕ್ಯಾಂಪಸ್ಸಿನಿಂದ ದೂರವೇನಲ್ಲ. ರಂಗ ನಿರ್ದೇಶಕ ಬಿ.ವಿ. ಕಾರಂತರ ನೇತೃತ್ವದಲ್ಲಿ 1989ರಲ್ಲಿ ಶುರುವಾದ ನಾಟಕ ತಂಡ ಅದು. ಅಲ್ಲಿನ ಭೂಮಿಗೀತ ರಂಗಮಂದಿರದಲ್ಲಿ ಕೂತರೆ ನಟರ ಉಸಿರಾಟವೂ ಕೇಳಿಸುತ್ತದೆ. ಬಹುರೂಪಿ ನಾಟಕೋತ್ಸವದ ಹೊತ್ತಿಗೆ ಹೋದರೆ ನಿಮಗೆ ಒಂದು ಪದವೂ ಬಾರದ ಭಾಷೆಯ ನಾಟಕ ನೋಡಿ. ಮಾತು ತಿಳಿಯದೆಯೂ ಯಾರು ಯಾರ ಮೇಲೆ ಸಿಟ್ಟಾಗಿದ್ದಾರೆ, ಯಾರು ಸುಳ್ಳು ಹೇಳುತ್ತಿದ್ದಾರೆ ಅನ್ನುವುದು ತಿಳಿದುಬಿಡುತ್ತದೆ. ಅರ್ಥ ಆಗಲ್ಲ ಅನ್ನುವ ಹೆದರಿಕೆಗೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ.

ಇದೆಲ್ಲ ವಿಶ್ವವಿದ್ಯಾಲಯದಲ್ಲಿ ಓದುವಾಗಲೇ ಯಾಕೆ ಅಂದರೆ, ಇಷ್ಟೆಲ್ಲ ಇಷ್ಟು ಹತ್ತಿರ ಮತ್ತೆ ಸಿಗುವುದಿಲ್ಲ. ನಮ್ಮ ಕ್ಯಾಂಪಸ್ಸಿನಲ್ಲಿ ಸಂಗೀತ, ನೃತ್ಯ, ನಾಟಕ ಪಾಠವಾಗಿಯೇ ಇವೆ. ಅರಮನೆಯ ಆಸ್ಥಾನ ನರ್ತಕಿಯಾಗಿದ್ದ ಕೆ. ವೆಂಕಟಲಕ್ಷ್ಮಮ್ಮನವರು, ಜಟ್ಟಿ ತಾಯಮ್ಮನವರ ಶಿಷ್ಯೆ, 1965ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ಕಲಿಸಲು ಬಂದರು. ದರ್ಬಾರಿನಲ್ಲಿ ಕೆಲವರೇ ನೋಡುತ್ತಿದ್ದ ಅಭಿನಯ ಹಾಗೆ ತರಗತಿಗೆ ಬಂತು. ಒಂದೇ ಸಾಲನ್ನು ಹಾಡುತ್ತಾ, ಕಣ್ಣು, ಹುಬ್ಬು, ಬೆರಳಲ್ಲೇ ಅದಕ್ಕೆ ಹತ್ತಾರು ಅರ್ಥ ಕಟ್ಟುವ ಮೈಸೂರು ಶೈಲಿ ಅದು. ಕ್ಯಾಂಪಸ್ಸಿನ ಹಳೆಯ ಮಹಲು ಜಯಲಕ್ಷ್ಮಿ ವಿಲಾಸದಲ್ಲಿ 1968ರಿಂದ ಕೂಡಿಟ್ಟ ಜಾನಪದ ಸಂಗ್ರಹವಿದೆ. ಸೋಮನ ಕುಣಿತದ ಮುಖವಾಡಗಳು, ತೊಗಲುಗೊಂಬೆಗಳು ಅದರಲ್ಲಿವೆ. ಆದರೆ ಸೋಮ ಕುಣಿಯುವುದನ್ನು ನೋಡದೆ ಮುಖವನ್ನಷ್ಟೇ ನೋಡಿದರೆ ಅರ್ಧ ನೋಡಿದ ಹಾಗೆ.

ತೊಂದರೆಗಳಿಲ್ಲ ಅಂತಲ್ಲ. ಹಾಸ್ಟೆಲ್ ಮೆಸ್ಸಿನ ಊಟದ ಸಮಯಕ್ಕೂ ನಾಟಕದ ಸಮಯಕ್ಕೂ ಹೊಂದುವುದಿಲ್ಲ. ಹುಡುಗಿಯರಿಗೆ ಗೇಟು ಹಾಕುವ ಚಿಂತೆ. ನಾಲ್ಕು ಜನ ಸೇರಿ ವಾರ್ಡನ್‌ಗೆ ಮೊದಲೇ ಬರೆದುಕೊಡಿ, ಒಬ್ಬೊಬ್ಬರೇ ಕೇಳಬೇಡಿ. ಊಟ ಎತ್ತಿಡಲು ಹೇಳಿ. ನನ್ನ ಸಹಿ ಬೇಕಾದರೆ ಲ್ಯಾಬಿಗೆ ಬನ್ನಿ, ಹಾಕಿಕೊಡುತ್ತೇನೆ.

ಬೇಜಾರಾದರೆ? ಆಗುತ್ತದೆ. ಒಂದು ಹಾಡು ಮುಗಿದ ಮೇಲೆ ಎದ್ದು ಬನ್ನಿ, ಮಧ್ಯದಲ್ಲಿ ಬೇಡ. ಮುಂದಿನ ವಾರ ಬೇರೆ ಯಾವುದಾದರೂ ನೋಡಿ. ಇಷ್ಟವಾದರೆ ಮಾತ್ರ ಮುಗಿದ ತಕ್ಷಣ ಬಸ್ಸಿಗೆ ಓಡಬೇಡಿ. ವೇದಿಕೆಯ ಹಿಂದೆ ಹೋಗಿ ಕಲಾವಿದರನ್ನು ಮಾತನಾಡಿಸಿ. ಯಾವ ಊರು, ಯಾರ ಹತ್ತಿರ ಕಲಿತಿರಿ ಅಂತ ಕೇಳಿ. ಆ ಕಂಚಿನ ತಾಳವನ್ನು ಒಮ್ಮೆ ಕೈಗೆ ಕೊಡ್ತೀರಾ ಅಂತಲೂ ಕೇಳಿ ನೋಡಿ.