ಸೊನ್ನೆ ನೋಡಲು ಗ್ವಾಲಿಯರ್, ನೆರಳು ನೋಡಲು ಉಜ್ಜಯಿನಿ

ಗ್ವಾಲಿಯರ್ ಕೋಟೆಗೆ ಹೋಗುವವರು ಆಟೋ ಹತ್ತುವ ಮೊದಲೇ ಒಂದು ವಿಷಯ ತೀರ್ಮಾನ ಮಾಡಿಕೊಳ್ಳಬೇಕು: ಯಾವ ಬಾಗಿಲಿನಿಂದ ಹತ್ತುವುದು? ಪಶ್ಚಿಮಕ್ಕಿರುವ ಉರ್ವಾಯಿ ಬಾಗಿಲಿನಿಂದ ಗಾಡಿ ಕೋಟೆಯ ಮೇಲಿನವರೆಗೂ ಹೋಗುತ್ತದೆ. ಪೂರ್ವಕ್ಕಿರುವ ಗ್ವಾಲಿಯರ್ ಬಾಗಿಲಿನಿಂದಾದರೆ ನಡೆದೇ ಹತ್ತಬೇಕು. ಸ್ಟೇಷನ್ ಮುಂದಿನ ಆಟೋ, ಹೋಟೆಲಿನವರು ಗೊತ್ತುಮಾಡಿಕೊಡುವ ಟ್ಯಾಕ್ಸಿ, ಪ್ಯಾಕೇಜಿನವರ ಗಾಡಿ ಎಲ್ಲವೂ ನಿಮ್ಮನ್ನು ಉರ್ವಾಯಿ ಕಡೆಗೇ ಒಯ್ಯುತ್ತವೆ. ಮಾನ್ ಮಂದಿರ ಅರಮನೆಯ ನೀಲಿ ಹೆಂಚುಗಳನ್ನು ತೋರಿಸಿ, ಸಾಸ್-ಬಹು ಗುಡಿ ಸುತ್ತಿಸಿ, ಅದೇ ದಾರಿಯಲ್ಲಿ ಕೆಳಗಿಳಿಸುತ್ತವೆ. ಹಾಗೆ ಹೋಗಿಬಂದವರು ಸೊನ್ನೆಯನ್ನು ನೋಡಿರುವುದಿಲ್ಲ. ಅಂಕಿಯ ಸೊನ್ನೆಯನ್ನು ಕೆತ್ತಿರುವ ಸಾವಿರ ವರ್ಷಕ್ಕೂ ಹಳೆಯ ಶಾಸನ ಇರುವುದು ಪೂರ್ವದ ಹತ್ತುದಾರಿಯಲ್ಲಿ, ಲಕ್ಷ್ಮಣ ಬಾಗಿಲಿನ ಬಳಿ, ಒಂದೇ ಬಂಡೆಯಲ್ಲಿ ಕೊರೆದ ಪುಟ್ಟ ಚತುರ್ಭುಜ ದೇವಾಲಯದ ಒಳಗೆ.

ನಮ್ಮ ಆಟೋದವನಿಗೆ ಆ ಗುಡಿ ಗೊತ್ತೇ ಇರಲಿಲ್ಲ. 'ಅಲ್ಲಿ ಏನೂ ಇಲ್ಲ, ಬರೀ ಮೆಟ್ಟಿಲು' ಎಂದು ಮೂರು ಸಲ ಹೇಳಿದ. ನೀವು ಜಗ್ಗಬೇಡಿ. ಗೂಜರಿ ಮಹಲ್ ಮುಂದೆ ಇಳಿಸು ಅನ್ನಿ. ಅದು ಎಲ್ಲರಿಗೂ ಗೊತ್ತು. ಗ್ಯಾರಸ್‌ಪುರದ ಶಾಲಭಂಜಿಕೆ ಇರುವ ಮ್ಯೂಸಿಯಂ ಅದೇ. ಸೋಮವಾರ ರಜೆ. ಅದನ್ನು ನೋಡಿಕೊಂಡು ಅಲ್ಲಿಂದಲೇ ಹತ್ತಲು ಶುರು ಮಾಡಬಹುದು. ದಾರಿ ಕಲ್ಲುಹಾಸಿನದು, ಏರು ಇದೆ, ಆದರೆ ಮಂಡಿನೋವಿನ ನನ್ನ ತಂಗಿಯೂ ನಿಧಾನಕ್ಕೆ ಹತ್ತಿದಳು. ಬೆಳಗ್ಗೆ ಬೇಗ ಹೋದರೆ ಬಿಸಿಲೂ ಇಲ್ಲ, ಜನವೂ ಇಲ್ಲ. ನನಗೆ ಜನಜಂಗುಳಿ ಆಗದು. ಮುಂದೆ ನಾನು ಹೇಳುವುದನ್ನೆಲ್ಲ ಅದನ್ನು ನೆನಪಿಟ್ಟುಕೊಂಡೇ ಓದಿ.

ನಾವು ಹೋದಾಗ ಗುಡಿಗೆ ಬೀಗ ಹಾಕಿತ್ತು. ಕಾವಲಿನವರು ಮೇಲೆಲ್ಲೋ ಹೋಗಿದ್ದರು. ಬಹಳ ಹೊತ್ತು ಕಾದ ಮೇಲೆ ಬಂದು ತೆಗೆದರು, ಅದೂ ಪ್ರೀತಿಯಿಂದಲೇ. ಸೊನ್ನೆ ನೋಡಲೆಂದೇ ಬಂದವರು ಅಂದದ್ದಕ್ಕೆ ಖುಷಿಪಟ್ಟು, ಗೋಡೆಯ ಶಾಸನದಲ್ಲಿ ಬೆರಳಿಡಬೇಕಾದ ಜಾಗವನ್ನು ದೂರದಿಂದಲೇ ತೋರಿಸಿದರು. ಟಾರ್ಚ್ ಒಯ್ಯಿರಿ. ಬೆಳಕನ್ನು ನೇರ ಬಿಡದೆ ಪಕ್ಕದಿಂದ ಓರೆಯಾಗಿ ಬಿಟ್ಟರೆ ಅಕ್ಷರಗಳು ಎದ್ದು ಕಾಣುತ್ತವೆ. ಮೊಬೈಲಿನ ಫ್ಲ್ಯಾಶ್ ಹಾಕಿದರೆ ಎಲ್ಲ ಬೆಳ್ಳಗಾಗಿ ಏನೂ ಕಾಣುವುದಿಲ್ಲ.

ಅಲ್ಲಿ ಬರೆದಿರುವುದು ದೊಡ್ಡ ತತ್ವವೇನಲ್ಲ, ಲೆಕ್ಕಪತ್ರ. ವಿಕ್ರಮ ಸಂವತ್ 933, ಅಂದರೆ ಕ್ರಿ.ಶ. 876. ಪ್ರತೀಹಾರ ವಂಶದ ದೊರೆ ಮಿಹಿರಭೋಜನ ಆಳ್ವಿಕೆಯ ಕಾಲ. ದೇವರಿಗೆ ಹೂತೋಟ ಮಾಡಲು ಬಿಟ್ಟ ಜಾಗದ ಅಳತೆ 270 ಮೊಳ, 187 ಮೊಳ. ದಿನಕ್ಕೆ 50 ಹೂಮಾಲೆ ಒಪ್ಪಿಸಬೇಕು. ಆ 270ರಲ್ಲಿ ಒಂದು, 50ರಲ್ಲಿ ಒಂದು ಸಣ್ಣ ದುಂಡು ಸೊನ್ನೆ. ನಾವು ಇಂದು ಬರೆಯುವ ಹಾಗೆಯೇ ಬಿಡಿ, ಹತ್ತು, ನೂರರ ಸ್ಥಾನದಲ್ಲಿ ಅಂಕಿಗಳು ಕೂತಿವೆ. ನನ್ನ ಕಣ್ಣು ತುಂಬಿತು. ಹೂವಿನ ಲೆಕ್ಕ ಬರೆದ ಶಾಸನಕಾರನಿಗೆ ಸೊನ್ನೆ ವಿಶೇಷವೇ ಆಗಿರಲಿಲ್ಲ, ದಿನಬಳಕೆಯ ವಸ್ತುವಾಗಿತ್ತು. ಅದೇ ದೊಡ್ಡ ಮಾತು.

ಗೈಡುಗಳು ಇದನ್ನು 'ಜಗತ್ತಿನ ಮೊದಲ ಸೊನ್ನೆ' ಅನ್ನುತ್ತಾರೆ. ಹಾಗೆ ನಂಬಿಕೊಂಡು ಬರಬೇಡಿ. ಕಾಂಬೋಡಿಯಾದ ಒಂದು ಶಾಸನದಲ್ಲಿ ಶಕವರ್ಷ 605 ಎಂಬುದನ್ನು ಚುಕ್ಕೆಯ ಸೊನ್ನೆಯಿಂದ ಬರೆದಿದ್ದಾರೆ, ಅದು ಕ್ರಿ.ಶ. 683. ಬ್ರಹ್ಮಗುಪ್ತ ಸೊನ್ನೆಯನ್ನು ಕೂಡುವ ಕಳೆಯುವ ನಿಯಮ ಬರೆದದ್ದು 628ರಲ್ಲಿ. ಗ್ವಾಲಿಯರಿನದು ಭಾರತದ ನೆಲದಲ್ಲಿ, ಕಾಲ ಖಚಿತವಾಗಿ ಗೊತ್ತಿರುವ, ನೀವು ಹೋಗಿ ಕಣ್ಣಾರೆ ನೋಡಬಹುದಾದ ಹಳೆಯ ಸೊನ್ನೆ. ಅಷ್ಟು ಸಾಕಲ್ಲವೇ? ಸುಳ್ಳು ಸೇರಿಸುವ ಅಗತ್ಯ ಏನಿದೆ?

ಕನ್ನಡದವರಿಗೆ ಇನ್ನೊಂದು ಸಂಗತಿ. ಸುಮಾರು ಅದೇ ಕಾಲದಲ್ಲಿ, 850ರ ಆಸುಪಾಸಿನಲ್ಲಿ, ನೃಪತುಂಗ ಅಮೋಘವರ್ಷನ ಆಶ್ರಯದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಬರೆದರು. ಪ್ರತೀಹಾರರೂ ನಮ್ಮ ರಾಷ್ಟ್ರಕೂಟರೂ ಕನೌಜಿಗಾಗಿ ಕಾದಾಡಿದ ಮನೆತನಗಳು. ಯುದ್ಧ ಅವರಿಗಿರಲಿ, ಸೊನ್ನೆ ಎರಡೂ ಕಡೆ ಇತ್ತು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದು ಮಹಾವೀರಾಚಾರ್ಯರು ಬರೆದದ್ದು ತಪ್ಪು ಎಂದು ಇಂದು ಗೊತ್ತು. ಆದರೆ ಆ ಪ್ರಶ್ನೆಯನ್ನು ಎತ್ತಿಕೊಂಡು ಕೂತಿದ್ದರಲ್ಲ! ಬೆಂಗಳೂರಿನಿಂದ ಹೋಗುವವರಿಗೆ ಕರ್ನಾಟಕ ಎಕ್ಸ್‌ಪ್ರೆಸ್ ನೇರವಾಗಿ ಗ್ವಾಲಿಯರ್‌ಗೆ ಬಿಡುತ್ತದೆ. ರೈಲು ಕಲಬುರಗಿ ಹಾದುಹೋಗುವಾಗ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕಡೆ ಒಂದು ನಮಸ್ಕಾರ ಹಾಕಿ ಮುಂದೆ ಹೋಗಿ.

ಇಳಿಯುವಾಗ ಮಾತ್ರ ಉರ್ವಾಯಿ ಕಡೆಯಿಂದ ಇಳಿಯಿರಿ. ಬಂಡೆಯಲ್ಲಿ ಕೊರೆದ ತೀರ್ಥಂಕರರ ಸಾಲು ಅಲ್ಲಿದೆ. 15ನೇ ಶತಮಾನದ ತೋಮರರ ಕಾಲದವು. ಅಲ್ಲಿನ ದೊಡ್ಡ ಆದಿನಾಥ ಎತ್ತರದಲ್ಲಿ ನಮ್ಮ ಶ್ರವಣಬೆಳಗೊಳದ ಗೊಮ್ಮಟನಿಗೆ ಸರಿಸಮ. ಗಾಡಿಯವರು ನಿಲ್ಲಿಸುವುದಿಲ್ಲ, ನಡೆಯುವವರಿಗೆ ಮಾತ್ರ ಪುರುಸೊತ್ತಾಗಿ ಸಿಗುತ್ತದೆ.

ಸೊನ್ನೆ ಆಯಿತು, ಇನ್ನು ನೆರಳು. ಸೂರ್ಯನ ನೆರಳಿನಿಂದ ಸಮಯ ಅಳೆಯುವ ಹಳೆಯ ವೇಧಶಾಲೆ ಉಜ್ಜಯಿನಿಯಲ್ಲಿದೆ. ಮೊದಲು ಅಲ್ಲಿಗೆ ಹೋಗುವ ಬಸ್ಸಿನ ವಿಷಯ. ಗ್ವಾಲಿಯರಿನಿಂದ ಉಜ್ಜಯಿನಿಗೆ ಗುನಾ ಮಾರ್ಗದ ರೈಲಿದೆ. ಅದರಲ್ಲಿ ಸೀಟು ಸಿಗದೆ ಒಂದು ಖಾಸಗಿ ಸ್ಲೀಪರ್ ಬಸ್ಸಿಗೆ ಹತ್ತಿದೆವು. ಟಿಕೆಟ್ಟಿನ ಮೇಲೆ ಸ್ಪಷ್ಟವಾಗಿ ಉಜ್ಜಯಿನಿ ಎಂದೇ ಇತ್ತು. ಬಸ್ಸು ಹೋಗುತ್ತಿದ್ದದ್ದು ಇಂದೋರಿಗೆ. ಬೆಳಗಿನ ಜಾವ, ಇನ್ನೂ ಕತ್ತಲು, ಮಕ್ಸಿಯ ಹೆದ್ದಾರಿ ಬದಿಯಲ್ಲಿ 'ಉಜ್ಜಯಿನಿಯವರು ಇಳೀರಿ' ಎಂದು ಕೂಗಿ ಏಳೆಂಟು ಜನರನ್ನು ಇಳಿಸಿದರು. ಅಲ್ಲಿಂದ ಉಜ್ಜಯಿನಿ ಸುಮಾರು ನಲವತ್ತು ಕಿಲೋಮೀಟರ್. ಬಸ್ ನಿಲ್ದಾಣ ಇಲ್ಲ, ದೀಪ ಇಲ್ಲ, ಒಂದು ವ್ಯಾನು ಮಾತ್ರ ನಮ್ಮನ್ನೇ ಕಾಯುವ ಹಾಗೆ ನಿಂತಿತ್ತು. ತಲೆಗೆ ಇನ್ನೂರೈವತ್ತು ಕೇಳಿದ. ಕಂಡಕ್ಟರನೂ ಅವನೂ ಮಾತಾಡಿಕೊಂಡ ರೀತಿ ನೋಡಿದರೆ ಇದು ದಿನದ ವ್ಯವಸ್ಥೆ ಎಂದು ಯಾರಿಗಾದರೂ ತಿಳಿಯುತ್ತದೆ. ಜೊತೆಗಿದ್ದ ಒಬ್ಬ ಅಜ್ಜಿ ಮಹಾಕಾಲನ ದರ್ಶನಕ್ಕೆ ಒಬ್ಬರೇ ಹೊರಟಿದ್ದರು. ಅವರನ್ನೂ ಕತ್ತಲಲ್ಲಿ ಹಾಗೇ ಇಳಿಸಿ ಹೋದದ್ದು ನನಗೆ ಈಗಲೂ ಸಹಿಸಲಾಗುತ್ತಿಲ್ಲ. ಆದ್ದರಿಂದ ರೈಲಿನ ಸೀಟು ಖಾತ್ರಿಯಾದ ಮೇಲೆಯೇ ಪ್ರವಾಸದ ದಿನಾಂಕ ಹಾಕಿಕೊಳ್ಳಿ. ಬಸ್ಸೇ ಗತಿಯಾದರೆ 'ಬಸ್ಸು ಉಜ್ಜಯಿನಿ ಊರೊಳಗೆ ಹೋಗುತ್ತದೆಯೇ, ಯಾವ ಸ್ಟ್ಯಾಂಡಿನಲ್ಲಿ ನಿಲ್ಲುತ್ತದೆ' ಎಂದು ಡ್ರೈವರನ್ನೇ ಕೇಳಿ. ಬುಕಿಂಗ್ ಮಾಡಿದವರನ್ನು ಕೇಳಿ ಪ್ರಯೋಜನವಿಲ್ಲ.

ಉಜ್ಜಯಿನಿಯಲ್ಲಿ ಮಹಾಕಾಲ ದೇವಾಲಯದ ಸುತ್ತಮುತ್ತ ರೂಮು ಮಾಡಬೇಡಿ. 2022ರಲ್ಲಿ ಮಹಾಕಾಲ ಲೋಕ ತೆರೆದ ಮೇಲೆ ಆ ಭಾಗದಲ್ಲಿ ಜನವೋ ಜನ. ಮೊದಲೇ ಕಾಯ್ದಿರಿಸಿದ್ದ ರೂಮಿಗೆ ಅಲ್ಲಿ ಹೋದ ಮೇಲೆ 'ಇವತ್ತು ಭೀಡ್ ಇದೆ' ಎಂದು ದುಪ್ಪಟ್ಟು ಕೇಳಿದರು. ಕಿಟಕಿಯೇ ಇಲ್ಲದ ರೂಮು, ಬಚ್ಚಲಲ್ಲಿ ನೀರು ನಿಂತಿತ್ತು. ದುಡ್ಡು ವಾಪಸ್ ಪಡೆಯಲು ಅರ್ಧ ದಿನ ಹೋಯಿತು. ರೈಲು ನಿಲ್ದಾಣದ ಆಚೆ ಬದಿಯ ಫ್ರೀಗಂಜ್‌ನಲ್ಲಿ ಅದರ ಅರ್ಧ ಬೆಲೆಗೆ ಗಾಳಿ ಬೆಳಕಿನ ಕೋಣೆ ಸಿಕ್ಕಿತು. ಶ್ರಾವಣ, ಸೋಮವಾರ, ಶನಿವಾರ-ಭಾನುವಾರ ಬಿಟ್ಟು ಹೋದರೆ ಇನ್ನೂ ಒಳ್ಳೆಯದು. 2028ರಲ್ಲಿ ಸಿಂಹಸ್ಥ ಕುಂಭ ಇದೆ. ಗುರು ಸಿಂಹರಾಶಿಗೆ ಬಂದಾಗ ನಡೆಯುವ ಆ ಮೇಳಕ್ಕೆ ಹೋಗುವ ಭಕ್ತರ ದಾರಿ ಬೇರೆ. ವೇಧಶಾಲೆ ನೋಡುವ ಆಸೆ ಇದ್ದರೆ ಅದಕ್ಕೆ ಮೊದಲೇ ಹೋಗಿಬನ್ನಿ.

ಫ್ರೀಗಂಜಿನಲ್ಲಿ ನಾವು ಉಂಡ ಊಟದ ಬಗ್ಗೆ ಬರೆಯದಿದ್ದರೆ ತಪ್ಪಾಗುತ್ತದೆ. ಬೋರ್ಡು ಮಾಸಿಹೋಗಿದ್ದ, ಮೂರೇ ಬೆಂಚಿನ ಒಂದು ಭೋಜನಾಲಯ. ದಾಲ್-ಬಾಫ್ಲಾ ಮಾತ್ರ ಮಾಡುತ್ತಾರೆ, ಮಧ್ಯಾಹ್ನ ಮಾತ್ರ. ಬಾಫ್ಲಾ ಅಂದರೆ ರಾಜಸ್ಥಾನದ ಬಾಟಿಯೇ ಅಂದುಕೊಂಡಿದ್ದ ನನಗೆ ಅಲ್ಲಿನ ಹೆಂಗಸು ಅಡುಗೆಮನೆಗೇ ಕರೆದು ತೋರಿಸಿದರು. ಗೋಧಿಹಿಟ್ಟಿನ ಉಂಡೆಯನ್ನು ಮೊದಲು ನೀರಿನಲ್ಲಿ ಬೇಯಿಸುತ್ತಾರೆ, ಆಮೇಲೆ ಕೆಂಡದಲ್ಲಿ ಸುಡುತ್ತಾರೆ. ಹಾಗಾಗಿ ಒಳಗೆ ಬಾಟಿಯಷ್ಟು ಒಣ ಇರುವುದಿಲ್ಲ, ಹೊರಗೆ ಗರಿಗರಿ. ಕೈಯಲ್ಲಿ ಮುರಿದು, ತುಪ್ಪದಲ್ಲಿ ಮುಳುಗಿಸಿ, ಮೇಲೆ ಹುಳಿಖಾರದ ತೊಗರಿಬೇಳೆ ಸುರಿದು ಕೊಡುತ್ತಾರೆ. ಪಕ್ಕದಲ್ಲಿ ಹಸಿ ಕೊತ್ತಂಬರಿ-ಬೆಳ್ಳುಳ್ಳಿ ಚಟ್ನಿ, ಕೊನೆಗೆ ಒಂದು ಲಡ್ಡು. ಬೇಳೆ ಖಾಲಿಯಾದ ಹಾಗೆಲ್ಲ ಕೇಳದೆ ಬಡಿಸಿದರು. ಒಬ್ಬರಿಗೆ ನೂರು ರೂಪಾಯಿ ಒಳಗೆ ಆಯಿತು, ಹೊಟ್ಟೆ ರಾತ್ರಿಯವರೆಗೂ ತುಂಬಿತ್ತು. ಉಜ್ಜಯಿನಿಯಲ್ಲಿ ಇದ್ದಷ್ಟು ಮಧ್ಯಾಹ್ನವೂ ಅಲ್ಲಿಗೇ ಹೋದೆವು. ಬೆಳಗಿನ ತಿಂಡಿಗೆ ಯಾವ ಬೀದಿಯ ಗಾಡಿಯಲ್ಲಾದರೂ ಪೋಹಾ ಚೆನ್ನಾಗಿರುತ್ತದೆ. ಅವಲಕ್ಕಿಯನ್ನು ಹಬೆಯಲ್ಲಿ ಬಿಸಿ ಇಟ್ಟು, ಮೇಲೆ ಸೇವ್, ಈರುಳ್ಳಿ, ಸೋಂಪು ಹಾಕಿ ಕೊಡುತ್ತಾರೆ.

ಕ್ಷಿಪ್ರಾ ನದಿಯ ಕಡೆಗಿರುವ ವೇಧಶಾಲೆಗೆ ಹೋಗಲು ಮಧ್ಯಾಹ್ನವೇ ಸರಿ. ಬೆಳಗ್ಗೆ ಬೇಗ ಹೋಗಿ ಫೋಟೋ ತೆಗೆದುಕೊಂಡು ಬರುವವರಿಗೆ ಅದು ಕೇವಲ ಸುಣ್ಣ ಬಳಿದ ಗೋಡೆಗಳ ತೋಟ. ಜೈಪುರದ ಸವಾಯಿ ಜೈಸಿಂಹ 18ನೇ ಶತಮಾನದಲ್ಲಿ ದೆಹಲಿ, ಜೈಪುರ, ಉಜ್ಜಯಿನಿ, ಮಥುರಾ, ವಾರಾಣಸಿಗಳಲ್ಲಿ ಕಟ್ಟಿಸಿದ ಐದರಲ್ಲಿ ಇದೊಂದು. ಮಥುರಾದ್ದು ಉಳಿದಿಲ್ಲ. ಉಜ್ಜಯಿನಿಯದನ್ನು 1923ರಲ್ಲಿ ಗ್ವಾಲಿಯರಿನ ಮಾಧವರಾವ್ ಸಿಂಧಿಯಾ ದುರಸ್ತಿ ಮಾಡಿಸಿದರು. ಇಂದಿಗೂ ಕೆಲಸ ಮಾಡುತ್ತಿದೆ, ಪ್ರತಿವರ್ಷ ಗ್ರಹಸ್ಥಿತಿಯ ಪುಸ್ತಕ ಹೊರತರುತ್ತದೆ.

ಸಮ್ರಾಟ್ ಯಂತ್ರ ಅಂದರೆ ದೊಡ್ಡ ನೆರಳುಗಡಿಯಾರ. ಅದರ ಇಳಿಜಾರು ಗೋಡೆ ಧ್ರುವದ ಕಡೆ ಮುಖಮಾಡಿದೆ, ಕೋನ ಆ ಊರಿನ ಅಕ್ಷಾಂಶದ್ದೇ. ಅದರ ನೆರಳು ತೋರಿಸುವುದು ಉಜ್ಜಯಿನಿಯ ಸಮಯ, ನಿಮ್ಮ ಕೈಗಡಿಯಾರದ್ದಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶಕ್ಕೆ, ಉಜ್ಜಯಿನಿ ಇರುವುದು 75 ಡಿಗ್ರಿ 46 ಮಿನಿಟಿನಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ 27 ನಿಮಿಷದ ವ್ಯತ್ಯಾಸ. ಅದರ ಮೇಲೆ ಭೂಮಿಯ ಕಕ್ಷೆ ಮತ್ತು ಅಕ್ಷದ ಓರೆಯ ಕಾರಣದಿಂದ ತಿಂಗಳು ತಿಂಗಳಿಗೆ ಬೇರೆ ಹೆಚ್ಚುಕಡಿಮೆ. ಹೀಗಾಗಿ ನವೆಂಬರ್ ಮೊದಲ ವಾರದಲ್ಲಿ ಸೂರ್ಯ ನೆತ್ತಿಗೆ ಬರುವುದು 12:11ರ ಸುಮಾರಿಗೆ, ಫೆಬ್ರವರಿ ಎರಡನೇ ವಾರದಲ್ಲಿ 12:41ಕ್ಕೆ. ಅದಕ್ಕೆ ಹದಿನೈದು ನಿಮಿಷ ಮೊದಲೇ ಅಲ್ಲಿದ್ದರೆ ನೆರಳು ಒಂದು ಬದಿಯ ಮಾಪಕವನ್ನು ಬಿಟ್ಟು ಇನ್ನೊಂದು ಬದಿಗೆ ದಾಟುವುದನ್ನು ನೋಡಬಹುದು. ನಮ್ಮ ಜೊತೆ ಇಬ್ಬರು ಶಾಲಾಮಕ್ಕಳು ಬಿಟ್ಟರೆ ಯಾರೂ ಇರಲಿಲ್ಲ.

ನಾಡೀವಲಯ ಯಂತ್ರವನ್ನು ಮರೆಯಬೇಡಿ. ಎರಡು ಮುಖದ ದುಂಡು ಬಿಲ್ಲೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಉತ್ತರದ ಮುಖಕ್ಕೆ ಬಿಸಿಲು, ಉಳಿದ ಆರು ತಿಂಗಳು ದಕ್ಷಿಣದ ಮುಖಕ್ಕೆ. ಯಾವ ಮುಖ ಬೆಳಗುತ್ತಿದೆ ಎಂಬುದರಿಂದಲೇ ಸೂರ್ಯ ಸಮಭಾಜಕದ ಯಾವ ಕಡೆ ಇದ್ದಾನೆ ಎಂದು ಹೇಳಬಹುದು.

ಕರ್ಕಾಟಕ ಸಂಕ್ರಾಂತಿವೃತ್ತ ಹಿಂದೆ ಉಜ್ಜಯಿನಿಯ ಮೇಲೆಯೇ ಹಾದುಹೋಗುತ್ತಿತ್ತು, ಈಗ ಉತ್ತರಕ್ಕೆ ಸರಿದು ಡೋಂಗ್ಲಾ ಊರಿಗೆ ಹೋಗಿದೆ ಎಂದು ಅಲ್ಲಿ ಹಲವರು ಹೇಳುತ್ತಾರೆ. ಅದು ಸರಿಯಲ್ಲ. ಆ ರೇಖೆ ವರ್ಷಕ್ಕೆ ಸುಮಾರು 14-15 ಮೀಟರಿನಂತೆ ದಕ್ಷಿಣಕ್ಕೆ ಬರುತ್ತಿದೆ, ಅಂದರೆ ಉಜ್ಜಯಿನಿಯ ಕಡೆಗೇ. ಇದೇ ಲೆಕ್ಕದಲ್ಲಿ ಇಲ್ಲಿಗೆ ಬರಲು ಇನ್ನೂ ಸುಮಾರು ಎರಡು ಸಾವಿರ ವರ್ಷ ಬೇಕು. ಡೋಂಗ್ಲಾದ ವೇಧಶಾಲೆಗೆ ಜೂನ್ 21ರ ನಡುಹಗಲಲ್ಲಿ ಹೋದರೆ ಶಂಕುವಿನ, ಅಂದರೆ ನೆಟ್ಟಗೆ ನಿಲ್ಲಿಸಿದ ಕಂಬದ, ನೆರಳು ಕಾಣೆಯಾಗುವುದನ್ನು ನೋಡಬಹುದು, ಆ ದಿನ ಮೋಡ ಇಲ್ಲದಿದ್ದರೆ ಮಾತ್ರ.

ಜೈಪುರಕ್ಕೆ ಹೋಗುವವರು ಅಲ್ಲಿನ ಜೈಸಿಂಹನ ವೇಧಶಾಲೆ ಜಂತರ್ ಮಂತರ್ ಒಂದಕ್ಕೇ ಪೂರ್ತಿ ಮಧ್ಯಾಹ್ನ ಇಡಿ, ಹವಾಮಹಲಿನ ಬೀದಿಯ ನೂಕುನುಗ್ಗಲು ನನಗಂತೂ ಬೇಡವಾಯಿತು. ಅಲ್ಲಿನ ಬೃಹತ್ ಸಮ್ರಾಟ್ ಯಂತ್ರ 27 ಮೀಟರ್ ಎತ್ತರ, ನೆರಳು ಸೆಕೆಂಡಿಗೆ ಒಂದು ಮಿಲಿಮೀಟರ್ ಓಡುತ್ತದೆ, ಕಣ್ಣಿಗೆ ಕಾಣುತ್ತದೆ! 2 ಸೆಕೆಂಡಿನ ನಿಖರತೆ ಎಂದು ಗೈಡು ಹೇಳಿ ಮುಂದೆ ಹೋಗುತ್ತಾನೆ. ಆದರೆ ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಆದ್ದರಿಂದ ನೆರಳಿನ ಅಂಚು ಹಲವು ಸೆಂಟಿಮೀಟರ್ ಮಸುಕಾಗಿರುತ್ತದೆ. ಒಂದು ದಾರವನ್ನೋ ತೆಳ್ಳನೆ ಕಡ್ಡಿಯನ್ನೋ ಮಾಪಕಕ್ಕೆ ಹತ್ತಿರ ಹಿಡಿದು, ಅದರ ನೆರಳು ದೊಡ್ಡ ನೆರಳಿನಲ್ಲಿ ಕರಗುವ ಜಾಗ ಹುಡುಕಿದರೆ ಆಗ ನಿಖರ ಓದು ಸಿಗುತ್ತದೆ. ಜೈಪುರವೂ ಉಜ್ಜಯಿನಿಯೂ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ, ಹಾಗಾಗಿ ಉಜ್ಜಯಿನಿಯಲ್ಲಿ ಕಲಿತ 27 ನಿಮಿಷದ ಲೆಕ್ಕ ಇಲ್ಲೂ ನಡೆಯುತ್ತದೆ.

ಮಳೆಗಾಲದಲ್ಲಿ ಈ ಪ್ರವಾಸ ಬೇಡ, ಮೋಡವಿದ್ದರೆ ಯಂತ್ರಗಳು ಮೂಕವಾಗುತ್ತವೆ. ಜನವರಿಯಲ್ಲಿ ಗ್ವಾಲಿಯರಿನ ಕಡೆ ಮಂಜಿಗೆ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ನವೆಂಬರ್ ಇಲ್ಲವೇ ಫೆಬ್ರವರಿ ಆರಿಸಿಕೊಳ್ಳಿ. ಟೊಪ್ಪಿ, ಟಾರ್ಚ್, ಒಂದು ಉಂಡೆ ಕಪ್ಪು ದಾರ ಚೀಲದಲ್ಲಿರಲಿ.