ಹಕ್ಕಿಗಳಿಗಾಗಿ ಹಿತ್ತಲಲ್ಲಿ ಕವಳಿ ಕಂಟಿ

ಹಿತ್ತಲಿಗೆ ಹಕ್ಕಿ ಬರಲಿ ಎಂದು ದಿನಾ ಕಾಳು ಚೆಲ್ಲುವುದಕ್ಕಿಂತ ಬೇಲಿಗುಂಟ ನಾಲ್ಕು ಕವಳಿ (ಕರಂಡೆ) ಕಂಟಿ ಹಚ್ಚುವುದು ಮೇಲು. ಹಣ್ಣು ಪಿಕಳಾರ, ಕೋಗಿಲೆಗಳಿಗೆ ಊಟ. ಗಟ್ಟಿ ಮುಳ್ಳು ಗೂಡಿಗೆ ಕಾವಲು. ಮಲ್ಲಿಗೆಯಂಥ ಪರಿಮಳದ ಬಿಳಿ ಹೂವಿಗೆ ಕತ್ತಲಾದ ಮೇಲೆ ಪತಂಗಗಳು ಬರುತ್ತವೆ. ಆದರೆ ಕತ್ತರಿ ಹಾಕುವ ತಿಂಗಳು ತಪ್ಪಿದರೆ ಇದರಲ್ಲಿ ಅರ್ಧ ಸಿಗುವುದಿಲ್ಲ.

ನರ್ಸರಿಯಲ್ಲಿ ಕೇಳಿದರೆ ಕೆಲವೆಡೆ ದಪ್ಪ ಹೊಳಪೆಲೆಯ, ದೊಡ್ಡ ಕೆಂಪು ಹಣ್ಣಿನ ಗಿಡ ಕೊಡುತ್ತಾರೆ. ಅದು ದಕ್ಷಿಣ ಆಫ್ರಿಕಾದ್ದು. ನಮಗೆ ಬೇಕಾದದ್ದು ಗುಡ್ಡದ ಕವಳಿ: ಸಣ್ಣ ಎಲೆ, ಮಾಗಿದಾಗ ಕಪ್ಪಾಗುವ ಪುಟ್ಟ ಹಣ್ಣು. ಗುಡ್ಡದಿಂದ ಗಿಡ ಕಿತ್ತು ತರಲೇಬೇಡಿ. ತಾಯಿಬೇರು ತುಂಡಾಗಿ ಗಿಡ ಒಣಗುತ್ತದೆ. ಗದಗ ಜಿಲ್ಲೆಯ ಕಪ್ಪತಗುಡ್ಡವಂತೂ 2019ರಿಂದ ವನ್ಯಜೀವಿಧಾಮ.

ಮೇ ತಿಂಗಳಲ್ಲಿ ಧಾರವಾಡದ ಪ್ಯಾಟಿಗೆ ಬರುವ ಹಣ್ಣಿನಿಂದಲೇ ಬೀಜ ತೆಗೆಯಬಹುದು. ಪೂರ್ತಿ ಕಪ್ಪಾಗಿ ಮೆತ್ತಗಾದ ಹಣ್ಣು ಆರಿಸಿ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ನೀರಲ್ಲಿ ಹಿಸುಕಿ, ಇಲ್ಲದಿದ್ದರೆ ಹಣ್ಣಿನ ಅಂಟು ಹಾಲು ಕೈಗೆ ಅಂಟಿಕೊಳ್ಳುತ್ತದೆ. ತೊಳೆದ ಬೀಜವನ್ನು ಒಂದು ದಿನ ನೆರಳಲ್ಲಿ ಆರಿಸಿ ಅದೇ ವಾರ ಸಸಿ ಚೀಲದಲ್ಲಿ ಬಿತ್ತಿ. ಒಣಗಿಸಿ ಡಬ್ಬಿಯಲ್ಲಿಟ್ಟ ಬೀಜ ಬೇಗ ಜೀವ ಕಳೆದುಕೊಳ್ಳುತ್ತದೆ. ಚೀಲಕ್ಕೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಉಸುಕು, ಒಂದು ಪಾಲು ಕಳಿತ ಸಗಣಿ ಗೊಬ್ಬರ. ಅರ್ಧ ಇಂಚು ಆಳ. ಮೊದಲ ವರ್ಷ ಬೆಳವಣಿಗೆ ಬಹಳ ನಿಧಾನ. ಮುಂದಿನ ಜೂನ್‌ವರೆಗೆ ಚೀಲದಲ್ಲೇ ಇರಲಿ, ಅದಕ್ಕೂ ಹೆಚ್ಚು ಬೇಡ: ಬೇರು ಸುರುಳಿ ಸುತ್ತಿಕೊಳ್ಳುತ್ತದೆ.

ಧಾರವಾಡದ ಪಶ್ಚಿಮಕ್ಕಿರುವ ಕೆಂಪು ಮಣ್ಣಿನಲ್ಲಿ, ಮಸಾರಿಯಲ್ಲಿ ಒಂದೂವರೆ ಅಡಿ ಗುಂಡಿ ಸಾಕು. ಹುಬ್ಬಳ್ಳಿಯ ಪೂರ್ವಕ್ಕೆ, ನವಲಗುಂದ, ಗದಗ ಕಡೆಯ ಎರೆ ಭೂಮಿಯಲ್ಲಿ ಹಾಗೆ ಮಾಡಿದರೆ ಗುಂಡಿಯೇ ನೀರಿನ ತೊಟ್ಟಿಯಾಗುತ್ತದೆ. ಆಗಸ್ಟಿನಲ್ಲಿ ಎಲೆ ಹಳದಿಯಾಗಿ ಉದುರಿದರೆ ಬೇರು ಕೊಳೆಯುತ್ತಿದೆ ಎಂದೇ ತಿಳಿಯಿರಿ; ಆಗ ನೀರು ಹಾಕಿದರೆ ಗಿಡ ಹೋಯಿತು. ಅಲ್ಲಿ ಗುಂಡಿಯ ಬದಲು ಗರಸು (ಸಣ್ಣ ಕಲ್ಲುಮಣ್ಣು) ಬೆರೆಸಿದ ಮಣ್ಣಿನಿಂದ ಒಂದಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ಹಚ್ಚಿ. ಗಿಡದಿಂದ ಗಿಡಕ್ಕೆ ನಾಲ್ಕಡಿ, ದಾರಿಯಿಂದ ಐದಡಿ ದೂರ. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಒಂದು ಕೊಡ ನೀರು, ಆಡು ಬಾಯಿ ಹಾಕದಂತೆ ಸುತ್ತ ಜಾಲಿ ಮುಳ್ಳು. ಆಮೇಲೆ ಅದರ ಪಾಡಿಗೆ ಬಿಡಿ. ನೀರು, ಯೂರಿಯಾ ಹೆಚ್ಚಾದರೆ ಬರೀ ಸೊಪ್ಪು, ಹಣ್ಣಿಲ್ಲ.

ಇನ್ನು ಕತ್ತರಿ. ಕವಳಿ ಹೂ ಬಿಡುವುದು ಚಿಗುರಿನ ತುದಿಯಲ್ಲಿ. ದೀಪಾವಳಿಗೆ ಬೇಲಿ ಚಂದ ಕಾಣಲಿ ಎಂದು ಸಮನಾಗಿ ಕತ್ತರಿಸಿದರೆ ಬೇಸಿಗೆಯ ಹೂ ಅಲ್ಲಿಗೇ ಮುಗಿಯಿತು. ಹಣ್ಣು ಮುಗಿದ ಕೂಡಲೇ, ಜುಲೈಯಲ್ಲಿ ಕತ್ತರಿಸಿ. ಆದರೆ ಪಿಕಳಾರ ಗೂಡು ಕಟ್ಟುವ ಕಾಲವೂ ಅದೇ. ಒಳಗೆ ಬಗ್ಗಿ ನೋಡಿ: ಎದೆಯೆತ್ತರದ ಕವಲಲ್ಲಿ ನಾರು, ಒಣಹುಲ್ಲಿನ ಸಣ್ಣ ಬಟ್ಟಲು ಕಂಡರೆ ಆ ಗಿಡ ಮುಟ್ಟಬೇಡಿ. ವರ್ಷಕ್ಕೆ ಒಂದೇ ಮಗ್ಗಲು ಕತ್ತರಿಸಿದರೆ ಇನ್ನೊಂದು ಮಗ್ಗಲಲ್ಲಿ ಹಕ್ಕಿಗೆ ಆಸರೆ ಉಳಿಯುತ್ತದೆ. ಕತ್ತರಿಸಿದ ಮುಳ್ಳನ್ನು ಸುಡದೆ ಮೂಲೆಯಲ್ಲಿ ಒಟ್ಟಿ, ಓತಿಕ್ಯಾತಗಳು ಸೇರಿಕೊಳ್ಳುತ್ತವೆ.

ಎಲೆ ತೂತಾದವು ಎಂದು ಔಷಧ ಹೊಡೆಯಬೇಡಿ. ಮೈಮೇಲೆ ಕಪ್ಪು ಕೋಡಿನಂಥ ಎಳೆಗಳಿರುವ ಹುಳ ಕಂಡರೆ ಅದು ಕಂದು ಬಣ್ಣದ ಕಾಮನ್ ಕ್ರೋ ಚಿಟ್ಟೆಯ ಮರಿ. ಬಿಳಿ ಹಿಟ್ಟು ತಿಗಣೆ ಕೂತರೆ ಪೈಪಿನ ನೀರು ಜೋರಾಗಿ ಬಿಟ್ಟು ತೊಳೆದರೆ ಸಾಕು.

ಬೀಜದ ಗಿಡ ಮೂರು ನಾಲ್ಕು ವರ್ಷಕ್ಕೆ ಕಾಯಿ ಹಿಡಿಯುತ್ತದೆ. ಉಪ್ಪಿನಕಾಯಿಗೆ ಹೊರಗಿನ, ಕೆಳಗಿನ ಕಾಯಿ ಕಿತ್ತುಕೊಳ್ಳಿ. ನೆತ್ತಿಯದ್ದು, ಒಳಗಿನದ್ದು ಹಕ್ಕಿಗಳಿಗಿರಲಿ. ಹಕ್ಕಿಗೆ ನೀರಿಡುವ ಬಟ್ಟಲನ್ನು ಕಂಟಿಯಿಂದ ಆರಡಿಯಾದರೂ ದೂರ ಇಡಿ, ಬುಡದಲ್ಲಿ ಬೆಕ್ಕು ಹೊಂಚು ಹಾಕುತ್ತದೆ.